ಅಪ್ಪನ ಕಡೆಯ ಅರ್ಧ

ನಮ್ಮ ಹೋಟೆಲಿನ ದೋಸೆಯವನಿಗೆ ಕ್ಷಯ ಎಂದು ಗೊತ್ತಾದ ವಾರವೇ ವಡೋದರದ ಗೋರ್ವಾ ಬಡಾವಣೆಯ ಆರೋಗ್ಯ ಕೇಂದ್ರದವರು ಮನೆಗೆ ಬಂದರು. ಅವನು ನಮ್ಮ ಮಾಳಿಗೆಯ ಮೇಲೇ ಇರುವವನು, ನಮ್ಮ ಜೊತೆಯೇ ಉಣ್ಣುವವನು. ಹಾಗಾಗಿ ಎಲ್ಲರಿಗೂ ಮೊಣಕೈ ಕೆಳಗೆ ಸಣ್ಣ ಸೂಜಿ ಚುಚ್ಚಿದರು. ಮೂರು ದಿನ ಬಿಟ್ಟು ಬಂದು ಪಟ್ಟಿ ಹಿಡಿದು ಅಳೆದರು. ಮಗನ ಕೈ ಬಾತಿತ್ತು. ಸೊಸೆಯದು ಬಾತಿತ್ತು. ಪಾತ್ರೆ ತೊಳೆಯುವವಳದು ಇನ್ನೂ ಜಾಸ್ತಿ. ಬಾತರೆ ರೋಗ ಎಂದಲ್ಲವಂತೆ, ಯಾವತ್ತೋ ಒಂದು ದಿನ ಕ್ರಿಮಿ ಒಳಗೆ ಹೋಗಿ ಮೈಗೆ ಅದರ ಪರಿಚಯ ಆಗಿದೆ ಎಂದಂತೆ, ಅಷ್ಟೇ. ನನ್ನ ಕೈಯಲ್ಲಿ ಮಾತ್ರ ಏನೂ ಇಲ್ಲ. ಸೊಳ್ಳೆ ಕಚ್ಚಿದ ಗುರುತಿನಷ್ಟೂ ಇಲ್ಲ.

ನರ್ಸಮ್ಮ ನನ್ನನ್ನೇ ಗದರಿದಳು. ಜಾಗ ಉಜ್ಜಿಬಿಟ್ಟಿರಬೇಕು ಎಂದು. ನಾನು ಎಂಥದೂ ಉಜ್ಜಲಿಲ್ಲ. ಮತ್ತೊಮ್ಮೆ ಚುಚ್ಚಿದರು, ಮತ್ತೂ ಇಲ್ಲ. ರಕ್ತ ತೆಗೆದು ಬೇರೆ ಪರೀಕ್ಷೆ ಮಾಡಿಸಿದರು, ಅದರಲ್ಲೂ ಇಲ್ಲ. ಕೇಂದ್ರದ ಡಾಕ್ಟರು ಕೇಳಿದರು, "ಮಾಸಿ, ನೀವು ಇದಕ್ಕಿಂತ ಮೊದಲು ಕ್ಷಯದವರ ಹತ್ತಿರ ಇದ್ದದ್ದು ಉಂಟಾ?"

ನನಗೆ ನಗು ಬಂತು. ನಾನು ಕ್ಷಯದವರ ಮಗ್ಗುಲಲ್ಲೇ ಮಲಗಿ ಎದ್ದವಳು.

ಮದುವೆಯಾಗಿ ಕುಂದಾಪುರದ ಕಡೆಯಿಂದ ವಡೋದರಕ್ಕೆ ಬಂದಾಗ ನಮ್ಮದು ಹೋಟೆಲು ಎನ್ನುವ ಹಾಗಿರಲಿಲ್ಲ. ಕಾರ್ಖಾನೆ ಗೇಟಿನ ಎದುರು ತಗಡಿನ ಮಾಡು, ಹಿಂದೆ ಒಂದು ಕೋಣೆ. ಆ ಕೋಣೆಯಲ್ಲಿ ನಾನು, ನನ್ನ ಗಂಡ, ಅರೆಯುವ ಕಲ್ಲು. ಎರಡನೇ ವರ್ಷ ಗಂಡನಿಗೆ ಕೆಮ್ಮು ಹಿಡಿಯಿತು. ಆಗೆಲ್ಲ ತಿಂಗಳುಗಟ್ಟಲೆ ಸೂಜಿ, ಒಂದೂವರೆ ವರ್ಷ ಮದ್ದು. ಹಿಟ್ಟು ಅರೆಯಲು ಜನ ಸಾಲದೆ ಊರಿನಿಂದ ತಂಗಿಯನ್ನು ಕರೆಸಿಕೊಂಡೆ. ಅವಳಿಗೆ ಆಗ ಹದಿನೇಳು. ಬಂದು ವರ್ಷ ತುಂಬುವುದರೊಳಗೆ ಅವಳೂ ಕೆಮ್ಮಲು ಶುರು ಮಾಡಿದಳು. ಇಬ್ಬರ ಪೀಕದಾನಿ ತೊಳೆದದ್ದು ನಾನು, ಇಬ್ಬರಿಗೂ ಮಾತ್ರೆ ನುಂಗಿಸಿದ್ದು ನಾನು. ಇಬ್ಬರೂ ಗುಣವಾದರು. ಗಂಡ ಆಮೇಲೆ ಇಪ್ಪತ್ತೈದು ವರ್ಷ ಚೆನ್ನಾಗಿಯೇ ಬದುಕಿ, ಹೃದಯ ನಿಂತು ಹೋದರು. ತಂಗಿ ಸೂರತ್ತಿನಲ್ಲಿ ಉಧ್ನಾದ ಹೋಟೆಲಿನವರನ್ನು ಮದುವೆಯಾಗಿ ಮಗಳು, ಮೊಮ್ಮಗಳು ಕಂಡಳು. ನನಗೆ ಇಷ್ಟು ವರ್ಷದಲ್ಲಿ ಒಂದು ಒಣ ಕೆಮ್ಮೂ ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ನಾನು ಹೇಳುತ್ತಿದ್ದದ್ದು ಒಂದೇ. ಗಂಜಿ. ನಾನು ಎರಡು ಹೊತ್ತು ಕುಚ್ಚಲಕ್ಕಿ ಗಂಜಿ ಉಂಡವಳು. ತಂಗಿ ಗಂಜಿ ಕಂಡರೆ ಮುಖ ತಿರುಗಿಸುವವಳು. ಗುಜರಾತಿಗೆ ಬಂದದ್ದೇ ಚಹಾಕ್ಕೆ ಖಾರಿ ಬಿಸ್ಕತ್ತು ಅದ್ದಿ ತಿಂದು ಹೊಟ್ಟೆ ತುಂಬಿಸಿಕೊಂಡಳು. ಸೋಮವಾರ ಉಪವಾಸ ಬೇರೆ. ತಾನೇ ಬರಿಸಿಕೊಂಡ ರೋಗ ಎಂದು ಅವಳ ಮುಖದ ಮೇಲೆ ಹೇಳಿದ್ದೇನೆ, ಅವಳ ಗಂಡನ ಎದುರು ಹೇಳಿದ್ದೇನೆ, ಮಗಳ ಮದುವೆಯಲ್ಲಿ ಬಡಿಸುವಾಗ ಹೇಳಿದ್ದೇನೆ. ಅವಳು ನಕ್ಕು ಬಿಡುತ್ತಿದ್ದಳು.

ಕಳೆದ ವರ್ಷ ನಗಲಿಲ್ಲ. ಅವಳ ಮೊಮ್ಮಗಳಿಗೆ, ಹತ್ತೊಂಬತ್ತರ ಹುಡುಗಿ, ಕಾಲೇಜಿಗೆ ಹೋಗುವವಳು, ಅದೇ ಕ್ಷಯ ಬಂತು. ನಾನು ಫೋನು ಮಾಡಿ ನನಗೆ ತಿಳಿದದ್ದನ್ನೇ ಹೇಳಿದೆ. "ಅಜ್ಜಿ ಬುದ್ಧಿ ಮೊಮ್ಮಗಳಿಗ್ ಬಂತ್. ಉಣ್ಣುದಿಲ್ಲೆ, ತಿನ್ನುದಿಲ್ಲೆ. ಮಾತ್ರೆ ಎಷ್ಟ್ ನುಂಗ್ರೂ ಹೊಟ್ಟಿಗ್ ಗಂಜಿ ಬಿದ್ರೇ ಗುಣ." ಆ ಕಡೆಯಿಂದ ತಂಗಿ, "ಇನ್ನ್ ನೀ ಫೋನ್ ಮಾಡ್ಬೇಡ" ಎಂದು ಇಟ್ಟಳು. ಮತ್ತೆ ಎತ್ತಲಿಲ್ಲ. ಐದು ತಿಂಗಳು.

ಐದು ತಿಂಗಳು ತಂಗಿ ಮಾತು ಬಿಟ್ಟರೆ ಬೇರೆಯವರಿಗೆ ಏನೋ, ನನಗೆ ಅದು ಸಣ್ಣ ವಿಷಯ ಅಲ್ಲ. ನಮ್ಮದು ಅಳಿಯಕಟ್ಟು. ನಮ್ಮಲ್ಲಿ ಕುಟುಂಬ ಎಂದರೆ ಅಮ್ಮನ ಬಳಿ, ಬೇರೆಯವರು ಗೋತ್ರ ಎನ್ನುತ್ತಾರಲ್ಲ, ಹಾಗೆ. ಅಮ್ಮನಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗುವುದು. ಅಪ್ಪನದು ಬೇರೆ ಬಳಿ, ಗಂಡನದು ಬೇರೆ ಬಳಿ. ನನಗೆ ಮೂರೂ ಗಂಡು ಮಕ್ಕಳು. ಅವರು ನನ್ನ ಬಳಿಯವರೇ, ಅವರ ಮಕ್ಕಳು ಅವರವರ ಅಮ್ಮಂದಿರ ಬಳಿಗೆ. ಹಾಗಾಗಿ ನಮ್ಮಮ್ಮನ ಕುಟುಂಬ ಮುಂದೆ ಉಳಿಯುವುದಾದರೆ ಅದು ತಂಗಿಯ ಮನೆಯಲ್ಲಿ. ಅವಳು ಬಾಗಿಲು ಹಾಕಿಕೊಂಡರೆ ನಾನು ಸತ್ತ ಮೇಲೆ ಎಡೆ ಬಡಿಸುವ ಮನೆ ಯಾವುದು? ಮಗ ಹೇಳಿದ, "ಅಮ್ಮ, ಒಂದ್ ಸಾರಿ ತಪ್ಪಾಯ್ತ್ ಅಂದ್ಹೇಳಿ ಬಿಡಿ." ತಪ್ಪೇ ಮಾಡದೆ ಯಾಕೆ ಹೇಳಲಿ?

ಅಷ್ಟರಲ್ಲಿ ಈ ಕೈ ಬಾತುಕೊಳ್ಳದ ಸಂಗತಿ. ಕೇಂದ್ರದ ಡಾಕ್ಟರು ಹೇಳಿದರು, ಅಹಮದಾಬಾದಿನ ಒಂದು ಸಂಶೋಧನೆಯ ಸಂಸ್ಥೆಯಲ್ಲಿ ನಿಮ್ಮಂಥವರನ್ನೇ ಹುಡುಕುತ್ತಿದ್ದಾರೆ, ರೋಗಿಗಳ ಜೊತೆ ವರ್ಷಗಟ್ಟಲೆ ಇದ್ದೂ ಕ್ರಿಮಿ ಹತ್ತದವರನ್ನು. ಒಪ್ಪಿಗೆ ಇದ್ದರೆ ಹೋಗಿ, ಬಲವಂತ ಇಲ್ಲ. ಬಲವಂತ ಯಾಕೆ ಬೇಕು? ನಾನು ಅಂದೇ ಸೀರೆ ಮಡಚಿಟ್ಟೆ. ದೊಡ್ಡ ಸಂಸ್ಥೆಯವರು ಗಂಜಿಯಿಂದಲೇ ಎಂದು ಒಂದು ಕಾಗದ ಬರೆದು ಕೊಟ್ಟರೆ ಸಾಕು, ಅದನ್ನು ಹಿಡಿದುಕೊಂಡು ಸೀದಾ ಉಧ್ನಾಕ್ಕೆ ಹೋಗುವುದು ಎಂದು ನನ್ನ ಲೆಕ್ಕ.

ಜೊತೆಗೆ ದೊಡ್ಡ ಮಗನ ಮಗಳು ಬಂದಳು. ವಡೋದರದಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಹೇಳಿದರೆ ತಿಳಿಯುತ್ತದೆ, ಬಾಯಿ ತೆರೆದರೆ ಅರ್ಧ ಹಿಂದಿ. ರೈಲಿಳಿದು ಬಿಆರ್‌ಟಿಎಸ್ ಬಸ್ಸು ಹತ್ತುವಾಗ ಅವಳಿಗೆ ವಿಷಯ ಎಲ್ಲ ಹೇಳಿದೆ. ಬಳಿ ಹೋಗುವ ರೀತಿಯನ್ನೂ ಹೇಳಿದೆ.

"ತೋ ನಾನ್ ನಿಮ್ಮ ಫ್ಯಾಮಿಲಿ ಅಲ್ವಾ ಅಜ್ಜಿ?"

"ನೀ ನನ್ನ ಮಗನ ಮಗಳ್. ಬಳಿ ಬೇರೆ."

"ಮತ್ತೆ ನಿಮ್ಮ ಬ್ಯಾಗ್ ನಾನ್ ಯಾಕ್ ಹಿಡೀಬೇಕು?"

"ಬಳಿ ಬೇರೆ ಆದ್ರೂ ಕೈ ಇತ್ತಲ್ದಾ? ಹಿಡ್ಕೋ."

ಸಂಸ್ಥೆಯ ಒಳಗೆ ಒಳ್ಳೆ ಚಳಿ, ಎಸಿ ಹಾಕಿದ್ದರು. ಡಾಕ್ಟರು ಹುಡುಗಿ ಅಲ್ಲಿಯವಳೇ, ಗುಜರಾತಿ. ಮಾತೆಲ್ಲ ಹಿಂದಿಯಲ್ಲಿ ನಡೆಯಿತು. ನನ್ನದು ಹೋಟೆಲಿನ ಹಿಂದಿ, ಸಿಕ್ಕಿಕೊಂಡಲ್ಲಿ ಮೊಮ್ಮಗಳು ಬಿಡಿಸಿಕೊಟ್ಟಳು. ಮೊದಲು ಒಂದು ಒಪ್ಪಿಗೆ ಪತ್ರ ಓದಿ ಹೇಳಿದರು. ರಕ್ತ ಕೊಡುವುದು, ಮನೆಯವರ ವಿವರ ಕೊಡುವುದು, ಬೇಡ ಅನ್ನಿಸಿದರೆ ಎದ್ದು ಹೋಗಬಹುದು. ಹೆಬ್ಬೆಟ್ಟಿನ ಶಾಯಿ ಮುಂದೆ ಇಟ್ಟರು. ನಾನು ಪೆನ್ನು ಕೇಳಿದೆ. ಮೂರನೇ ತರಗತಿವರೆಗೆ ಹೋಗಿದ್ದೇನೆ, ಹೆಸರು ಬರೆಯಲು ಹೊತ್ತಾಗುತ್ತದೆ, ಬರೆಯಲು ಬಾರದೆ ಇಲ್ಲ.

ಆಮೇಲೆ ಒಂದು ದೊಡ್ಡ ಹಾಳೆ ಹಾಸಿದರು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಕ್ಷಯ ಬಂದವರದಾದರೆ ಒಳಗೆ ಕಪ್ಪು ಬಳಿಯುವುದು.

"ನಿಮ್ಮ ಕುಟುಂಬದಲ್ಲಿ ಯಾರು ಯಾರು ಇದ್ದಾರೆ, ಹೇಳಿ ಮಾಸಿ."

ನಾನು ಸರಿಯಾಗಿಯೇ ಹೇಳಿದೆ. ನಮ್ಮಜ್ಜಿ, ಅಮ್ಮ, ಅಮ್ಮನ ಅಕ್ಕ ತಂಗಿಯರು, ಅವರ ಹೆಣ್ಣು ಮಕ್ಕಳು, ಸೋದರಮಾವ, ನಾನು, ತಂಗಿ, ತಂಗಿಯ ಮಗಳು, ಮೊಮ್ಮಗಳು. ಹಾಳೆ ಪೂರ್ತಿ ಸೊನ್ನೆಗಳಾದವು. ಚೌಕ ನಾಲ್ಕೋ ಐದೋ.

"ಗಂಡಸರೇ ಇಲ್ಲವಲ್ಲ?"

"ಇದ್ದಾರೆ. ಅವರು ಬೇರೆ ಕುಟುಂಬ."

"ನಿಮ್ಮ ಗಂಡ? ಮದುವೆಗೆ ಮೊದಲು ನಿಮಗೆ ರಕ್ತಸಂಬಂಧವಾ?"

"ಛೇ, ಅಲ್ಲ. ಬಳಿ ಒಂದೇ ಆದರೆ ಮದುವೆ ಮಾಡುವ ಹಾಗೆಯೇ ಇಲ್ಲ."

ಅವರು ಬರೆದುಕೊಂಡರು. ಸಂಬಂಧ ಇಲ್ಲ. ಇಷ್ಟಕ್ಕೇ ಮುಗಿಯುತ್ತಿತ್ತೇನೋ. ಮೊಮ್ಮಗಳು ಫೋನು ನೋಡುತ್ತಿದ್ದವಳು ತಲೆ ಎತ್ತದೆ ಹೇಳಿದಳು, "ಅಜ್ಜನ ಅಪ್ಪ ಅಜ್ಜಿಯ ಅಮ್ಮನ ತಮ್ಮ ಅಲ್ವಾ? ಮಾವನ ಮಗನನ್ನೇ ಶಾದಿ ಮಾಡಿದ್ದು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮಾಸಿ, ನಿಮ್ಮ ಗಂಡ ನಿಮ್ಮ ಸೋದರಮಾವನ ಮಗನಾ?"

"ಹೌದು. ಸಂಬಂಧದಲ್ಲೇ ಕೊಟ್ಟದ್ದು."

"ಈಗ ತಾನೇ ಸಂಬಂಧ ಇಲ್ಲ ಅಂದ್ರಿ!"

"ರಕ್ತದ್ದು ಕೇಳಿದಿರಿ. ಮಾವ ನಮ್ಮ ಬಳಿ. ಮಾವನ ಮಗ ಅವನ ಅಮ್ಮನ ಬಳಿ. ನಮ್ಮ ರಕ್ತ ಅವನಿಗೆ ಎಲ್ಲಿಂದ ಬಂತು?"

ಆ ಹುಡುಗಿ ನಗಬಾರದು ಎಂದು ತುಟಿ ಕಚ್ಚಿಕೊಂಡದ್ದು ನನಗೆ ಕಂಡಿತು. ಕಡೆಗೆ ನಕ್ಕೇಬಿಟ್ಟಳು. ಹಾಳೆ ಮಡಚಿ ಬದಿಗಿಟ್ಟು ಹೊಸದು ತೆಗೆದಳು. ನಿಮ್ಮ ಕುಟುಂಬದ ಕ್ರಮ ನಿಮಗೆ ಸರಿ ಮಾಸಿ, ಆದರೆ ಮೈಗೆ ಅದು ಗೊತ್ತಿಲ್ಲ ಎಂದಳು. ಮಗು ಹುಟ್ಟುವಾಗ ಅಮ್ಮನಿಂದ ಅರ್ಧ, ಅಪ್ಪನಿಂದ ಅರ್ಧ ಬರುತ್ತದೆ. ಮಾವನಿಂದ ಅವನ ಮಗನಿಗೂ ಅರ್ಧ ಹೋಗಿದೆ. ಹಾಗಾಗಿ ನಿಮ್ಮ ಅಮ್ಮನ ಮನೆಯದು ನಿಮ್ಮ ಗಂಡನಲ್ಲೂ ಇತ್ತು.

"ಅಪ್ಪನದೂ ಅರ್ಧವಾ?"

"ಸರಿಯಾಗಿ ಅರ್ಧ."

ಎಪ್ಪತ್ತನಾಲ್ಕು ವರ್ಷ ನಾನು ಪೂರ್ತಿ ಅಮ್ಮನ ಮಗಳು ಎಂದುಕೊಂಡೇ ಇದ್ದೆ. ಅಪ್ಪ ಎಂದರೆ ನಮಗೆ ವಾರಕ್ಕೊಮ್ಮೆ ತಮ್ಮ ಮನೆಯಿಂದ ಬಂದು, ಚಾವಡಿಯಲ್ಲಿ ಕೂತು, ಬೆಲ್ಲದ ತುಂಡು ಕೊಟ್ಟು ಹೋಗುವವರು. ಅಷ್ಟು ಕಡಿಮೆ ಬಂದು ಹೋದವರು ಅರ್ಧ ಕೊಟ್ಟು ಹೋಗಿದ್ದಾರೆಂದರೆ ನಂಬುವುದು ಹೇಗೆ?

ಮತ್ತೆ ಮೊದಲಿನಿಂದ ಹೇಳಿದೆ. ಈ ಸಲ ಅಪ್ಪ ಬಂದರು, ಅಪ್ಪನ ತಮ್ಮಂದಿರು ಬಂದರು. ಅಪ್ಪ ಹೇಗೆ ತೀರಿಕೊಂಡರು ಎಂದು ಕೇಳಿದರು. ಕೆಮ್ಮಿ ಕೆಮ್ಮಿ. ಊರಲ್ಲಿ ಯಾರೂ ಅದಕ್ಕೆ ಹೆಸರಿಡಲಿಲ್ಲ. ಅಪ್ಪನ ತಮ್ಮನೂ ಹಾಗೆಯೇ. ಡಾಕ್ಟರು ಕಪ್ಪು ಬಳಿಯಲಿಲ್ಲ, ಗೊತ್ತಿಲ್ಲದ್ದಕ್ಕೆ ಬಳಿಯಬಾರದಂತೆ, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದರು. ನನಗೂ ಗಂಡನಿಗೂ ನಡುವೆ ಒಂದು ಗೆರೆ ಇದ್ದಲ್ಲಿ ಎರಡು ಗೆರೆ ಎಳೆದರು, ರಕ್ತಸಂಬಂಧದ ಮದುವೆಗೆ ಅದು ಗುರುತಂತೆ. ತಂಗಿಯ ಸೊನ್ನೆಗೆ ಕಪ್ಪು ಬಳಿದು ಪೆನ್ನು ಅಲ್ಲೇ ನಿಲ್ಲಿಸಿದರು.

"ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದಿರಾ?"

"ಒಂದೇ ಚಾಪೆ."

"ಒಂದೇ ಊಟ?"

ಇದಕ್ಕೇ ನಾನು ಕಾಯುತ್ತಿದ್ದದ್ದು. ಗಂಜಿಯದ್ದು, ಖಾರಿ ಬಿಸ್ಕತ್ತಿನದ್ದು, ಸೋಮವಾರದ್ದು ಎಲ್ಲ ಹೇಳಿದೆ. ಅವಳ ರೋಗ ಅವಳೇ ತಂದುಕೊಂಡದ್ದು ಎಂದೆ. ಹಾಗೆಂದು ಒಂದು ಕಾಗದ ಬರೆದುಕೊಡಿ ಎಂದೂ ಕೇಳಿದೆ.

ಡಾಕ್ಟರು ನಗಲಿಲ್ಲ. ಹೊಟ್ಟೆಗೆ ಸರಿಯಾಗಿ ಇಲ್ಲದವರಿಗೆ ಕ್ಷಯ ಬೇಗ ಹಿಡಿಯುತ್ತದೆ, ಅದು ಸುಳ್ಳಲ್ಲ ಎಂದರು. ಆದರೆ ಗಂಜಿ ಉಂಡವರಿಗೂ ಬಂದಿದೆ, ಉಣ್ಣದವರಿಗೂ ಬಾರದೆ ಇದ್ದದ್ದಿದೆ. ಕ್ರಿಮಿ ಉಸಿರಿನ ಜೊತೆ ಪುಪ್ಪುಸಕ್ಕೆ ಹೋದಾಗ ಅಲ್ಲಿ ಕಾವಲಿಗಿರುವ ಕಣಗಳು ಅದನ್ನು ನುಂಗುತ್ತವೆ. ಕೆಲವರಲ್ಲಿ ನುಂಗಿದ್ದನ್ನು ಅಲ್ಲೇ ಕೊಲ್ಲುತ್ತವೆ. ಕೆಲವರಲ್ಲಿ ಕೊಲ್ಲಲಾಗದೆ ಸುತ್ತ ಗೋಡೆ ಕಟ್ಟಿ ಕೂಡಿಹಾಕುತ್ತವೆ, ಕ್ರಿಮಿ ಒಳಗೆ ವರ್ಷಗಟ್ಟಲೆ ನಿದ್ದೆ ಮಾಡುತ್ತದೆ. ನಿಮ್ಮ ಮಗನ ಕೈ ಬಾತದ್ದು ಆ ಥರದಲ್ಲಿ. ಇನ್ನು ಕೆಲವರಲ್ಲಿ ಗೋಡೆ ಒಡೆಯುತ್ತದೆ, ಆಗ ರೋಗ. ಈ ಕಾವಲಿನ ಕೆಲಸ ಯಾರಲ್ಲಿ ಹೇಗೆ ನಡೆಯುತ್ತದೆ ಎನ್ನುವುದರಲ್ಲಿ ಹುಟ್ಟುವಾಗಲೇ ಬಂದದ್ದೂ ಒಂದಷ್ಟು ಇದೆ.

"ನಾವಿಬ್ಬರೂ ಒಂದೇ ಅಮ್ಮನಿಗೆ ಹುಟ್ಟಿದವರಲ್ಲವಾ?"

"ಅಮ್ಮ ಅರ್ಧ ಕೊಡುತ್ತಾಳೆ ಮಾಸಿ, ಪ್ರತಿ ಮಗುವಿಗೂ ಅದೇ ಅರ್ಧವನ್ನಲ್ಲ. ಅಪ್ಪನೂ ಹಾಗೆ. ಒಂದೇ ಡಬ್ಬಿಯಿಂದ ಇಬ್ಬರಿಗೆ ಒಂದೊಂದು ಹಿಡಿ ತೆಗೆದರೆ ಎರಡೂ ಹಿಡಿಯಲ್ಲಿ ಅವೇ ಕಾಳು ಬರುತ್ತವಾ?"

ಅದು ನನಗೆ ತಿಳಿಯಿತು. ತಂಗಿಯ ಮೂಗು ಅಪ್ಪನದು, ಕಿವಿ ಅಪ್ಪನದು, ಅಪ್ಪನ ಹಾಗೇ ಸಣಕಲು ಮೈ. ನಾನು ಅಮ್ಮನ ಹಾಗೆ ಅಡ್ಡಕ್ಕೆ ಬೆಳೆದವಳು. ಕಾವಲಿನ ಕಾಳೂ ಹಾಗೇ ಹಂಚಿಹೋಗಿರಬಹುದಲ್ಲವಾ ಎಂದು ಕೇಳಿದೆ. ಮೂಗು ನೋಡಿ ಅದನ್ನು ಹೇಳಲಾಗದು ಎಂದರು. ಒಂದು ಕಾಳಲ್ಲ, ಬಹಳ ಕಾಳು, ಒಂದೊಂದರದ್ದೂ ಸ್ವಲ್ಪ ಸ್ವಲ್ಪ ಕೆಲಸ. ಜೊತೆಗೆ ಗಾಳಿ, ಊಟ, ಅದೃಷ್ಟ. ನಿಮಗೆ ಯಾಕೆ ಹತ್ತಲಿಲ್ಲ ಎಂದು ನಮಗೆ ಇನ್ನೂ ಗೊತ್ತಿಲ್ಲ, ಗೊತ್ತಿದ್ದರೆ ನಿಮ್ಮನ್ನು ಇಷ್ಟು ದೂರ ಕರೆಸುತ್ತಲೇ ಇರಲಿಲ್ಲ ಎಂದರು.

"ಆದರೆ ಒಂದು ಗೊತ್ತು. ನಿಮ್ಮ ತಂಗಿ ತಂದುಕೊಂಡದ್ದಲ್ಲ. ನೀವು ತಡೆದುಕೊಂಡದ್ದೂ ಅಲ್ಲ."

ಈ ಎರಡನೇ ಮಾತು ನನಗೆ ಹೆಚ್ಚು ಚುಚ್ಚಿತು. ಐವತ್ತು ವರ್ಷದ ನನ್ನ ಹೆಮ್ಮೆ, ಯಾರೋ ಡಬ್ಬಿಗೆ ಕೈ ಹಾಕಿ ತೆಗೆದ ಒಂದು ಹಿಡಿ.

ಕಾಗದ ಕೊಡಲಿಲ್ಲ. ಬದಲಿಗೆ ಅವರೇ ಒಂದು ಕೇಳಿದರು. ಒಂದೇ ಚಾಪೆಯ ಅಕ್ಕ ತಂಗಿ, ಒಬ್ಬಳಿಗೆ ಬಂದು ಒಬ್ಬಳಿಗೆ ಬಾರದ್ದು, ಇಂಥ ಜೋಡಿ ಸಿಗುವುದು ಕಷ್ಟ. ತಂಗಿಯೂ ಒಪ್ಪಿ ರಕ್ತ ಕೊಟ್ಟರೆ ಬಹಳ ಉಪಯೋಗ.

ಹೊರಗೆ ಬಂದ ಮೇಲೆ ಮೊಮ್ಮಗಳು, "ಅಜ್ಜಿ, ಅಬ್ ಕ್ಯಾ? ಸಾರಿ ಹೇಳ್ತೀರಾ?" ಎಂದಳು.

"ಬಾಯಿ ಮುಚ್ಕಂಡ್ ಬಸ್ ಕಾಣ್" ಎಂದೆ.

ನಾಲ್ಕನೇ ದಿನ ಒಬ್ಬಳೇ ಉಧ್ನಾಕ್ಕೆ ಹೋದೆ. ಮಧ್ಯಾಹ್ನದ ಊಟದವರು ಎದ್ದ ಹೊತ್ತು. ಹೋಟೆಲಿನ ಎರಡೂ ಬದಿ ಮಗ್ಗದ ಕಾರ್ಖಾನೆ, ಆ ಸದ್ದಿನಲ್ಲಿ ಕಿರುಚಿ ಮಾತಾಡಿ ಅಲ್ಲಿಯವರಿಗೆಲ್ಲ ದೊಡ್ಡ ಗಂಟಲು. ತಂಗಿ ಒಳಗಿನ ಮೆಟ್ಟಿಲ ಮೇಲೆ ಕೂತು ಕರಿಬೇವು ಬಿಡಿಸುತ್ತಿದ್ದಳು. ನನ್ನನ್ನು ನೋಡಿದಳು. ನೋಡುತ್ತಲೇ ಕೇಳಿದಳು.

"ಯಾರ್ ಬಂದದ್ದ್?"

"ನಾನ್."

"ನಾನ್ ಅಂದ್ರೆ ಯಾರ್? ಬಂದವ್ರೆಲ್ಲ ನಾನ್ ಅಂದೇ ಹೇಳುದ್."

"ನಿನ್ನ ಅಕ್ಕ ಮಾರಾಯ್ತಿ."

"ನಂಗ್ ಅಕ್ಕ ಇತ್ತಾ? ಹೌದ್, ಒಂದ್ ಇದ್ದಿತ್ತ್. ಗಂಜಿ ಉಂಡ್ ಉಂಡ್ ಕಲ್ಲ್ ಆಯ್ತ್ ಅಂಬ್ರ್."

ನಾನು ಅವಳ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಕೂರು ಎಂದು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಒಂದು ಹಿಡಿ ಕರಿಬೇವು ನಾನೂ ಎಳೆದುಕೊಂಡೆ. ಬಾಗಿಲ ಹತ್ತಿರ ಅವಳ ಮೊಮ್ಮಗಳು ಬಂದು ನಿಂತಳು. ಹುಡುಗಿಯ ಕೆನ್ನೆ ತುಂಬಿಕೊಂಡಿತ್ತು, ಮುಖದಲ್ಲಿ ಬಣ್ಣ ಬಂದಿತ್ತು. ಆದರೆ ನನ್ನನ್ನು ಕಂಡು ಹತ್ತಿರ ಬರಲಿಲ್ಲ.

"ಇಷ್ಟ್ ಸಣ್ಣ ಮಾತಿಗ್ ಐದ್ ತಿಂಗ್ಳಾ?" ಎಂದೆ.

"ಸಣ್ಣ ಮಾತಾ?" ತಂಗಿ ಕೈಯಲ್ಲಿದ್ದ ಕಡ್ಡಿ ಬಿಸಾಡಿದಳು. "ಫೋನ್ ಸ್ಪೀಕರಂಗ್ ಇದ್ದಿತ್ತ್, ಗೊತ್ತಿತ್ತಾ ನಿಂಗೆ? ಇವ್ಳ್ ಕೇಂಡ್ಳ್. ದೊಡ್ಡಜ್ಜಿ ಕ್ಷಯದರ್ ಒಟ್ಟಿಗೇ ಇದ್ದ್ ಗಂಜಿ ಉಂಡ್ ಗಟ್ಟಿ ಇದ್ರ್, ನಾನೂ ಗಂಜಿ ಉಂಬ ಅಂದ್ಹೇಳಿ ಮಾತ್ರೆ ಬಿಟ್ಳ್. ಎಂಟ್ ದಿನ ಅಕ್ಕ! ಎಂಟ್ ದಿನ ಮಾತ್ರೆ ದಿಂಬಿನ್ ಚೀಲದೊಳಗ್ ಹಾಕಿ ಗಂಜಿ ಉಂಡಿತ್ ಈ ಹೆಣ್. ಬಟ್ಟಿ ಒಗುಕೆ ತೆಗ್ದಾಗ ನಂಗ್ ಸಿಕ್ತ್."

ನನಗೆ ಇದು ಗೊತ್ತಿರಲಿಲ್ಲ. ಐದು ತಿಂಗಳೂ ಅವಳು ತನ್ನ ಹಳೆ ಸಿಟ್ಟಿಗೆ ಮಾತು ಬಿಟ್ಟಿದ್ದಾಳೆ ಎಂದೇ ತಿಳಿದಿದ್ದೆ. ಇಬ್ಬರಿಗೆ ಒಂದು ದಿನವೂ ತಪ್ಪದೆ ಮಾತ್ರೆ ನುಂಗಿಸಿದವಳು ನಾನು. ನಡುವೆ ಬಿಟ್ಟರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಂಥ ನನ್ನ ಬಾಯಿಂದ ಹುಡುಗಿ ಮಾತ್ರೆ ಬಿಟ್ಟಿದ್ದಳು. ನಾನು ಅಳುವವಳಲ್ಲ, ಅಲ್ಲಿಯೂ ಅಳಲಿಲ್ಲ. ಕೈಯಲ್ಲಿದ್ದ ಕರಿಬೇವನ್ನು ಅವಳ ಮುಂದಿನ ರಾಶಿಗೇ ವಾಪಸು ಇಟ್ಟೆ.

"ಈಗ?"

"ಈಗ ಎಂತ? ಡಾಕ್ಟ್ರ್ ಬೈದ್ ಮತ್ತೆ ಶುರು ಮಾಡ್ಸಿರ್. ನಾನೇ ಎದ್ರಿಗ್ ಕೂಕಂಡ್ ನುಂಗ್ಸುದ್. ಇನ್ನ್ ಒಂದೂವರೆ ತಿಂಗ್ಳ್ ಇತ್ತ್."

ಆಗ ಅಹಮದಾಬಾದಿನದ್ದು ಎಲ್ಲ ಹೇಳಿದೆ. ಚೌಕ, ಸೊನ್ನೆ, ಕಾವಲು, ಡಬ್ಬಿಯ ಕಾಳು, ಅವಳ ರಕ್ತವೂ ಬೇಕು ಎಂದು ಡಾಕ್ಟರು ಕೇಳಿದ್ದು. ಮಾವನ ಮಗನ ಸಂಬಂಧದಲ್ಲಿ ಹಾಳೆ ಹಾಳು ಮಾಡಿದ್ದನ್ನೂ ಹೇಳಿದೆ. ತಂಗಿ ಅದಕ್ಕೆ ಸ್ವಲ್ಪ ನಕ್ಕಳು, ಆಮೇಲೆ ನಕ್ಕದ್ದು ನೆನಪಾಗಿ ಮುಖ ಬಿಗಿದಳು.

"ಅಂದ್ರೆ ನನ್ನ ತಪ್ಪಲ್ಲ ಅಂದ್ಹೇಳಿ ತಿಳಿಯುಕೆ ನಿಂಗೆ ಐವತ್ ವರ್ಷ, ಅಷ್ಟ್ ದೊಡ್ಡ ಸಂಸ್ಥೆ, ಒಂದ್ ಡಾಕ್ಟ್ರ್ ಬೇಕಾಯ್ತ್."

"ಬೇಕಾಯ್ತ್."

"ನಾನ್ ಹೇಳ್ರೆ ತಿಳಿತಿಲ್ಲೆ."

"ನೀ ಯಾವಾಗ ಹೇಳ್ದೆ? ಬರೀ ನಗಾಡ್ತಿದ್ದೆ."

"ನಗಾಡ್ದೆ ಎಂತ ಮಾಡುದ್? ನೀ ನಂಗೆ ಮಾತ್ರೆ ಕೊಟ್ಟವ್ಳ್. ನಿನ್ ಹತ್ರ ಜಗಳ ಮಾಡುಕೆ ಆತ್ತಾ?"

ತಂಗಿ ಉಳಿದ ಕರಿಬೇವನ್ನು ತನ್ನ ಮಡಿಲಿಗೆ ಎಳೆದುಕೊಂಡು ಬಿಡಿಸತೊಡಗಿದಳು.

"ರಕ್ತ ಕೊಡುಕೆ ಬತ್ತೆ" ಎಂದಳು ಆಮೇಲೆ. "ಬೇರೆ ಮಕ್ಕಳಿಗ್ ಒಳ್ಳೇದಾತ್ ಅಂದ್ರೆ ಬತ್ತೆ. ನಿನ್ನ ಮನಿಗ್ ಅಲ್ಲ. ಅದ್ಕಿಂತ ಮೊದ್ಲ್ ನೀ ಹೇಳಿದ್ದ್ ತಪ್ಪ್ ಅಂದ್ಹೇಳಿ ಈ ಹೆಣ್ಣಿಗ್ ಹೇಳ್. ಹಿಂದಿಯಂಗ್ ಹೇಳ್. ಕನ್ನಡದಂಗ್ ಹೇಳ್ರೆ ಅದ್ಕ್ ಅರ್ಧ ತಿಳಿತಿಲ್ಲೆ."

ನಾನು ಎದ್ದು ನಿಂತೆ. ಕೂತು ಹೇಳುವ ಮಾತಲ್ಲ ಅನ್ನಿಸಿತು. "ಮೇರಾ ಬಾತ್ ಗಲತ್. ಗೋಲಿ ಸಹೀ. ಗಂಜಿ ಭೀ ಅಚ್ಛಾ, ಲೇಕಿನ್ ಗೋಲಿ ಪೆಹಲೇ" ಎಂದೆ. ನನ್ನ ಮಾತು ತಪ್ಪು, ಮಾತ್ರೆಯೇ ಸರಿ, ಗಂಜಿಯೂ ಒಳ್ಳೆಯದೇ, ಮೊದಲು ಮಾತ್ರೆ. ಇಷ್ಟೇ ನನಗೆ ಬಂದದ್ದು. ಹುಡುಗಿ ಅಜ್ಜಿಯ ಮುಖ ನೋಡಿ ನಗಬಹುದಾ ಎಂದು ಕಣ್ಣಲ್ಲೇ ಕೇಳಿ, ನಕ್ಕಳು.

"ದೊಡ್ಡಜ್ಜಿ, ಪ್ಲೀಸ್, ಗಂಜಿ ಅಚ್ಛಾ ಅಂತ ಹೇಳ್ಬೇಡಿ. ಎಂಟ್ ದಿನ ತಿಂದು ನಂಗೆ ಸಾಕಾಯ್ತು."

ಹದಿನೈದು ದಿನ ಬಿಟ್ಟು ಮೂವರೂ ಅಹಮದಾಬಾದಿನಲ್ಲಿ ಸೇರಿದೆವು. ಅವರಿಬ್ಬರು ಸೂರತ್ತಿನಿಂದ ಬಂದರು, ನಾನು ವಡೋದರದಿಂದ. ಡಾಕ್ಟರು ಹಾಳೆ ಬಿಚ್ಚಿ ಎಲ್ಲ ಸರಿ ಇದೆಯಾ ಎಂದು ತಂಗಿಗೆ ಕೇಳಿದರು. ಇದೇ ತಪ್ಪಾಯಿತು. ಅಪ್ಪನ ತಮ್ಮಂದಿರು ನಾಲ್ವರು ಎಂದು ಅವಳು, ಮೂವರು ಎಂದು ನಾನು. ಅಪ್ಪನ ಮೂಗು ನನಗಲ್ಲ ಅಕ್ಕನಿಗೆ ಬಂದದ್ದು ಎಂದು ಅವಳು ಬೇರೆ ಶುರು ಮಾಡಿದಳು. ಮೂಗಿನ ವಿಷಯ ಹಾಳೆಯಲ್ಲಿ ಬರೆಯುವುದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲ. ಪಕ್ಕದ ಕೋಣೆಯವರು ಬಂದು ಬಾಗಿಲು ಎಳೆದುಕೊಂಡು ಹೋದರು.

ರಕ್ತ ತೆಗೆಯುವಾಗ ನನ್ನ ನರ ಸಿಗಲಿಲ್ಲ. ಎರಡು ಕಡೆ ಚುಚ್ಚಿ ಮೂರನೇ ಕಡೆ ಹುಡುಕಿದರು. ತಂಗಿಯದು ಮುಟ್ಟಿದ ಕೂಡಲೇ ಬಂತು.

"ಕಂಡ್ಯಾ? ಖಾರಿ ಬಿಸ್ಕತ್ತಿನ್ ರಕ್ತ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನಿನ್ನದ್ ಗಂಜಿ, ದಪ್ಪ ಆಯ್ತ್, ಕೆಳಗ್ ಇಳಿತಿಲ್ಲೆ."

ಹೊರಡುವಾಗ ಹುಡುಗಿ ಡಾಕ್ಟರಿಗೆ ಕೇಳಿದಳು, ತನ್ನ ಹಿಡಿಯಲ್ಲಿ ಯಾವ ಕಾಳು ಬಂದಿದೆ ಎಂದು ಯಾವಾಗ ಗೊತ್ತಾಗುತ್ತದೆ ಎಂದು. ಡಾಕ್ಟರು ಸುಳ್ಳು ಹೇಳಲಿಲ್ಲ. ಇದು ಬಹಳ ಜನರ ರಕ್ತ ಸೇರಿಸಿ ಮಾಡುವ ಕೆಲಸ, ವರ್ಷಗಳು ಬೇಕು, ನಿನಗೆಂದು ಬೇರೆ ಉತ್ತರ ಸಿಗದೆಯೂ ಇರಬಹುದು. ನಿನಗೆ ಬೇಕಾದ ಉತ್ತರ ನಿನ್ನ ಮಾತ್ರೆಯ ಪಟ್ಟಿಯಲ್ಲಿದೆ, ಅದನ್ನು ಮುಗಿಸು ಎಂದರು. ನನಗೆ ಆ ಹುಡುಗಿ ಡಾಕ್ಟರು ಹಿಡಿಸಿದ್ದು ಇದಕ್ಕೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾಳೆ. ನಾನು ಎಪ್ಪತ್ತನಾಲ್ಕು ವರ್ಷದಲ್ಲಿ ಅದನ್ನು ಕಲಿತಿಲ್ಲ.

ವಾಪಸು ಮೂವರಿಗೂ ಒಂದೇ ರೈಲು. ವಡೋದರ ಮೊದಲು ಬರುತ್ತದೆ, ಸೂರತ್ತು ಆಮೇಲೆ. ವಡೋದರ ಹತ್ತಿರವಾದಾಗ ತಂಗಿ ನನ್ನ ಚೀಲ ಎತ್ತಿ ನನ್ನ ಮಡಿಲಿಗಿಟ್ಟಳು.

"ಇಳಿ. ನಿನ್ನ ಊರ್ ಬಂತ್."

"ನನ್ನ ಟಿಕೇಟ್ ಸೂರತ್ತಿಗ್ ಇತ್ತ್."

"ಯಾರ್ ಕರ್ದದ್ ನಿನ್ನ?"

"ಯಾರೂ ಕರಿಲಿಲ್ಲೆ. ಇವ್ಳ್ ಮಾತ್ರೆ ಮುಗಿಸೂ ತನಕ ನಾನೂ ಎದ್ರಿಗ್ ಕೂಕಂತೆ. ನಾನೇ ಬಿಡ್ಸಿದ್ದ್, ನಾನೇ ನುಂಗ್ಸುದ್."

ರೈಲು ನಿಂತಿತು. ಜನ ಇಳಿದರು, ಜನ ಹತ್ತಿದರು. ತಂಗಿ ಕಿಟಕಿಯ ಹೊರಗೆ ನೋಡುತ್ತಾ ಕೂತಳು. ಇಳಿ ಎಂದು ಮತ್ತೊಮ್ಮೆ ಹೇಳಿದ್ದರೆ ಇಳಿಯುತ್ತಿದ್ದೆನೋ ಏನೋ. ಹೇಳಲಿಲ್ಲ. ರೈಲು ಹೊರಟ ಮೇಲೆ ಚೀಲವನ್ನು ಮಡಿಲಿಂದ ತೆಗೆದು ಮತ್ತೆ ಸೀಟಿನ ಕೆಳಗೆ ತಳ್ಳಿದಳು.

"ಬೆಳಿಗ್ಗೆ ಐದಕ್ಕ್ ಏಳ್ಕ್. ಇಡ್ಲಿ ಬೇಯ್ಸುಕೆ ಜನ ಇಲ್ಲೆ. ಸುಮ್ನೆ ಕೂಕಂಡ್ ಉಂಬುಕೆ ಬಿಡುದಿಲ್ಲೆ ನಾನ್."

ಒಂದು ತಿಂಗಳು ಉಧ್ನಾದಲ್ಲಿ ಇದ್ದೆ. ಹುಡುಗಿ ಮಾತ್ರೆ ಮುಗಿಸಿದಳು, ಕಡೆಯ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು. ತಂಗಿಯ ಹೋಟೆಲಿನ ಚಟ್ನಿ ನೀರು ನೀರು. ಹೋದ ದಿನವೇ ಗೊತ್ತಾಯಿತು. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೂರನೇ ದಿನ ಹೇಳಿದೆ.